ಮನೆ ಹತ್ತಿರದ ಫ್ಯಾಮಿಲಿ ಡಾಕ್ಟರ್ ಮತ್ತು ಅವರ ತಂಡ: ಹುಡುಕುವುದು ಹೇಗೆ, ಜೊತೆಗೆ ಉಳಿಯುವುದು ಹೇಗೆ

ಬಿಪಿ ಇರುವ ಒಬ್ಬರಿಗೆ ಒಂದು ಕಡೆ ರಾಮಿಪ್ರಿಲ್ ಮಾತ್ರೆ ಬರೆದುಕೊಟ್ಟರು ಅಂದುಕೊಳ್ಳಿ. ಕೆಲವು ವಾರ ಕಳೆದ ಮೇಲೆ ಅವರಿಗೆ ಒಣಕೆಮ್ಮು ಹಿಡಿಯುತ್ತದೆ. ಆ ಗುಂಪಿನ ಮಾತ್ರೆಗಳಿಂದ ಕೆಲವರಿಗೆ ಹೀಗಾಗುತ್ತದೆ ಎಂಬುದು ಎಲ್ಲ ವೈದ್ಯರಿಗೂ ಗೊತ್ತಿರುವ ವಿಷಯ. ಆದರೆ ಕೆಮ್ಮಿಗೆ ಅವರು ಹೋಗುವುದು ಬೇರೆ ಡಾಕ್ಟರ ಹತ್ತಿರ. ಅಲ್ಲಿ ಸಿರಪ್ ಕೊಡುತ್ತಾರೆ. ಅದರಿಂದ ಕಡಿಮೆಯಾಗದಿದ್ದಾಗ ಇನ್ನೊಂದು ಕಡೆ ಆಂಟಿಬಯೋಟಿಕ್, ಮತ್ತೊಂದು ಕಡೆ ಎದೆಯ ಎಕ್ಸ್‌ರೇ. ಬಿಪಿ ಮಾತ್ರೆ ಬದಲಾಯಿಸಿದ್ದರೆ ಮುಗಿದುಹೋಗುತ್ತಿದ್ದ ತೊಂದರೆ ತಿಂಗಳುಗಟ್ಟಲೆ ಎಳೆಯುತ್ತದೆ. ಯಾರೂ ದಡ್ಡರಲ್ಲ, ಯಾರೂ ಮೋಸ ಮಾಡಿಲ್ಲ. ಹಳೆಯ ಚೀಟಿಯನ್ನೂ ಇವತ್ತಿನ ಕೆಮ್ಮನ್ನೂ ಪಕ್ಕಪಕ್ಕ ಇಟ್ಟು ನೋಡುವವರು ಇರಲಿಲ್ಲ, ಅಷ್ಟೇ.

ಹಾಗೆ ನೋಡುವುದೇ ಫ್ಯಾಮಿಲಿ ಡಾಕ್ಟರ ಕೆಲಸ. ಅವರ ಜೊತೆ ಕೆಲಸ ಮಾಡುವ ನರ್ಸ್, ಫಾರ್ಮಸಿಸ್ಟ್, ಸಮಾಲೋಚಕರು ಎಲ್ಲ ಸೇರಿದರೆ ಅದೊಂದು ತಂಡ. ಅಂಥ ತಂಡವನ್ನು ಹುಡುಕುವುದು ಹೇಗೆ, ಸಿಕ್ಕ ಮೇಲೆ ಚೆನ್ನಾಗಿ ಬಳಸಿಕೊಳ್ಳುವುದು ಹೇಗೆ ಎಂದು ಇಲ್ಲಿ ಹೇಳುತ್ತೇನೆ. ನನ್ನ ಮುಖ್ಯ ಮಾತು ಇಷ್ಟು: ಮೈ ಹುಷಾರಾಗಿರುವಾಗಲೇ ಡಾಕ್ಟರನ್ನು ಆರಿಸಿಕೊಳ್ಳಿ, ಆರಿಸಿಕೊಂಡ ಮೇಲೆ ಸಣ್ಣ ಕಾರಣಕ್ಕೆ ಬಿಡಬೇಡಿ.

ದೊಡ್ಡ ಆಸ್ಪತ್ರೆ ಇರುವಾಗ ಇವರು ಯಾಕೆ?

1961ರಲ್ಲಿ ಕೆರ್ ವೈಟ್ ಎಂಬ ಅಮೆರಿಕದ ವೈದ್ಯರು ತಮ್ಮ ಜೊತೆಗಾರರೊಂದಿಗೆ ಒಂದು ಲೆಕ್ಕ ಮುಂದಿಟ್ಟರು. 1000 ವಯಸ್ಕರನ್ನು ಒಂದು ತಿಂಗಳು ಗಮನಿಸಿದರೆ ಸುಮಾರು 750 ಮಂದಿಗೆ ಏನಾದರೊಂದು ಕಾಯಿಲೆಯೋ ಗಾಯವೋ ಆಗಿರುತ್ತದೆ. ಅವರಲ್ಲಿ ಡಾಕ್ಟರ ಬಳಿ ಹೋಗುವವರು 250 ಮಂದಿ. ಆಸ್ಪತ್ರೆಗೆ ಸೇರುವವರು 9. ದೊಡ್ಡ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯವರೆಗೂ ಹೋಗಬೇಕಾದವರು ಒಬ್ಬರು. ನಲವತ್ತು ವರ್ಷ ಬಿಟ್ಟು ಅಮೆರಿಕದಲ್ಲಿ ಮತ್ತೆ ಲೆಕ್ಕ ಹಾಕಿದಾಗಲೂ ಚಿತ್ರ ಹೆಚ್ಚು ಬದಲಾಗಿರಲಿಲ್ಲ.

ನಾವು ತಲೆಕೆಡಿಸಿಕೊಳ್ಳುವುದೆಲ್ಲ ಆ ಒಬ್ಬರು ಹೋಗುವ ಆಸ್ಪತ್ರೆಯ ಬಗ್ಗೆ, ಅಲ್ವಾ? ಅಲ್ಲಿನ ತಜ್ಞರು ಯಾರು, ಯಂತ್ರ ಯಾವುದು ಎಂದು ವಿಚಾರಿಸುತ್ತೇವೆ. ಉಳಿದ 249 ಮಂದಿ ಹೋಗುವ ಕ್ಲಿನಿಕ್ ಬಗ್ಗೆ ಯೋಚಿಸುವುದೇ ಇಲ್ಲ. ಬದುಕಿನ ಬಹುಪಾಲು ಕಾಯಿಲೆಗಳನ್ನು ನಾವು ಕಳೆಯುವುದು ಅಲ್ಲಿ.

ಒಬ್ಬರೇ ಡಾಕ್ಟರ ಬಳಿ ವರ್ಷಗಟ್ಟಲೆ ಹೋಗುವುದರಿಂದ ಏನು ಲಾಭ ಎಂದು ಅಳೆದು ನೋಡಿದವರೂ ಇದ್ದಾರೆ. ನಾರ್ವೆಯಲ್ಲಿ 2001ರಿಂದ ಪ್ರತಿಯೊಬ್ಬರೂ ಒಬ್ಬ ಕುಟುಂಬ ವೈದ್ಯರ ಪಟ್ಟಿಯಲ್ಲಿ ಹೆಸರು ಬರೆಸಬಹುದು. ಅಲ್ಲಿನ ಸುಮಾರು 45 ಲಕ್ಷ ಜನರ ದಾಖಲೆ ಇಟ್ಟುಕೊಂಡು ಮಾಡಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಒಬ್ಬರೇ ವೈದ್ಯರ ಜೊತೆ 15 ವರ್ಷಕ್ಕಿಂತ ಜಾಸ್ತಿ ಉಳಿದವರನ್ನು, ವೈದ್ಯರ ಜೊತೆ ಒಂದೇ ವರ್ಷದ ಒಡನಾಟ ಇದ್ದವರ ಜೊತೆ ಹೋಲಿಸಿ ನೋಡಿದರು. ಮೊದಲ ಗುಂಪಿನಲ್ಲಿ ತುರ್ತಾಗಿ ಆಸ್ಪತ್ರೆ ಸೇರುವುದು ಸುಮಾರು 28 ಶೇಕಡಾ ಕಡಿಮೆ, ಸಾವು ಸುಮಾರು 25 ಶೇಕಡಾ ಕಡಿಮೆ. ಇಂಥ ಅಧ್ಯಯನ ಕಾರಣ ಇದೇ ಎಂದು ಪೂರ್ತಿ ಸಾಬೀತು ಮಾಡುವುದಿಲ್ಲ, ನಿಜ. ಆದರೆ ವರ್ಷ ಹೆಚ್ಚಾದಂತೆ ಲಾಭವೂ ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚುತ್ತಾ ಹೋಗಿತ್ತು. ಬೇರೆ ದೇಶಗಳ ಅಧ್ಯಯನಗಳಲ್ಲೂ ಹೆಚ್ಚಿನವು ಇದೇ ಕಡೆ ಬೆರಳು ತೋರಿಸುತ್ತವೆ.

ಯಾಕಿರಬಹುದು? ನಿಮ್ಮನ್ನು ಮೊದಲಿಂದ ಬಲ್ಲವರಿಗೆ ನೀವು ಇವತ್ತು ಎಂದಿನಂತಿಲ್ಲ ಎಂದು ಬೇಗ ಗೊತ್ತಾಗುತ್ತದೆ. ವರ್ಷಕ್ಕೊಮ್ಮೆಯೂ ಬಾರದವರು ತಲೆನೋವು ಎಂದು ಬಂದು ಕುಳಿತರೆ ಅವರು ಅದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನೀವೂ ಅಷ್ಟೇ, ಹೊಸಬರ ಮುಂದೆ ಬಾಯಿಗೆ ಬಾರದ ಮಾತನ್ನು ಪರಿಚಯದವರ ಮುಂದೆ ಹೇಳುತ್ತೀರಿ.

ಮೊದಲ ಹೆಜ್ಜೆ: ತಂಡದಲ್ಲಿ ಯಾರು ಏನು ಮಾಡುತ್ತಾರೆ ಎಂದು ತಿಳಿದುಕೊಳ್ಳಿ

ಹುಡುಕಲು ಹೊರಡುವ ಮೊದಲೇ ಇದು ಗೊತ್ತಿರಬೇಕು. ಇಲ್ಲದಿದ್ದರೆ "ಡಾಕ್ಟರೇ ನೋಡಲಿಲ್ಲ, ನರ್ಸ್ ನೋಡಿ ಕಳಿಸಿಬಿಟ್ಟರು" ಎಂದು ಒಳ್ಳೆಯ ಕ್ಲಿನಿಕ್ಕನ್ನೇ ಬಿಟ್ಟು ಬರುವ ಸಾಧ್ಯತೆ ಇದೆ.

ಅಮೆರಿಕದಲ್ಲಿ 2022ರಲ್ಲಿ ಒಂದು ಲೆಕ್ಕ ಮಾಡಿದರು. 2500 ರೋಗಿಗಳಿರುವ ಒಬ್ಬ ವೈದ್ಯರು ಎಲ್ಲರಿಗೂ ಕೊಡಬೇಕಾದ ತಪಾಸಣೆ, ಸಲಹೆ, ದೀರ್ಘಕಾಲದ ಕಾಯಿಲೆಗಳ ಆರೈಕೆ, ಬರವಣಿಗೆ ಕೆಲಸ ಎಲ್ಲವನ್ನೂ ಒಬ್ಬರೇ ಮಾಡಿದರೆ ದಿನಕ್ಕೆ ಎಷ್ಟು ಹೊತ್ತು ಬೇಕು? 26.7 ಗಂಟೆ. ದಿನದಲ್ಲಿರುವುದೇ 24. ಅದೇ ಕೆಲಸವನ್ನು ತಂಡದವರು ಹಂಚಿಕೊಂಡರೆ ವೈದ್ಯರ ಪಾಲಿಗೆ ಬರುವುದು 9.3 ಗಂಟೆ. ಒಬ್ಬರೇ ಎಲ್ಲವನ್ನೂ ಮಾಡುತ್ತಿದ್ದಾರೆ ಎಂದರೆ ಯಾವುದೋ ಕೆಲಸ ಬಿಟ್ಟುಹೋಗುತ್ತಿದೆ ಎಂದೇ ತಿಳಿಯಬೇಕು. ಸಾಮಾನ್ಯವಾಗಿ ಬಿಟ್ಟುಹೋಗುವುದು ತಡೆಗಟ್ಟುವ ಕೆಲಸ: ಲಸಿಕೆ, ಕ್ಯಾನ್ಸರ್ ತಪಾಸಣೆ, ತಂಬಾಕು ಬಿಡಿಸುವ ಮಾತುಕತೆ. ಇವತ್ತು ಮಾಡದಿದ್ದರೆ ಇವತ್ತೇ ಯಾರಿಗೂ ನೋವಾಗುವುದಿಲ್ಲವಲ್ಲ.

ಹಾಗಾದರೆ ಹಂಚಿಕೆ ಹೇಗೆ? ಡಾಕ್ಟರು ರೋಗ ಪತ್ತೆ ಮಾಡುತ್ತಾರೆ, ಗೊಂದಲದ ವಿಷಯಗಳನ್ನು ಬಿಡಿಸುತ್ತಾರೆ, ಒಟ್ಟು ದಾರಿ ನಿರ್ಧರಿಸುತ್ತಾರೆ. ನರ್ಸ್ ಬಿಪಿ, ಶುಗರ್ ಹತೋಟಿಯಲ್ಲಿದೆಯೇ ಎಂದು ನೋಡುತ್ತಾರೆ. ಗಾಯಕ್ಕೆ ಕಟ್ಟು ಹಾಕುವುದು, ಲಸಿಕೆ ಕೊಡುವುದು, ಇನ್ಸುಲಿನ್ ಚುಚ್ಚಿಕೊಳ್ಳಲು ಕಲಿಸುವುದು, ಸಕ್ಕರೆ ಕಾಯಿಲೆಯವರ ಪಾದ ಪರೀಕ್ಷಿಸುವುದು ಅವರ ಕೈಯಲ್ಲಿ. ಇಂಥ ಕೆಲಸದಲ್ಲಿ ಅನುಭವಿ ನರ್ಸ್‌ಗಳು ನಿಮಗೆ ಕೊಡುವ ಸಮಯ ಡಾಕ್ಟರಿಗಿಂತ ಜಾಸ್ತಿಯೇ ಇರುತ್ತದೆ. ಫಾರ್ಮಸಿಸ್ಟ್ ನಿಮ್ಮ ಎಲ್ಲ ಔಷಧಗಳನ್ನೂ ಒಟ್ಟಿಗೆ ಇಟ್ಟು ಯಾವುದಕ್ಕೆ ಯಾವುದು ಹೊಂದುವುದಿಲ್ಲ ಎಂದು ಹೇಳುತ್ತಾರೆ. ಡಯಟಿಷಿಯನ್, ಫಿಸಿಯೊಥೆರಪಿಸ್ಟ್, ಮನಸ್ಸಿನ ತೊಂದರೆಗೆ ಆಪ್ತಸಮಾಲೋಚಕರು, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರು ಕೆಲವು ತಂಡಗಳಲ್ಲಿ ಇರುತ್ತಾರೆ, ಕೆಲವದರಲ್ಲಿ ಇರುವುದಿಲ್ಲ.

ರಿಸೆಪ್ಷನ್‌ನಲ್ಲಿ ಕೂರುವವರನ್ನೂ ನಾನು ತಂಡದವರೆಂದೇ ಲೆಕ್ಕ ಹಾಕುತ್ತೇನೆ. ಯಾರಿಗೆ ಇವತ್ತೇ ಸಮಯ ಕೊಡಬೇಕು, ಯಾರು ನಾಳೆವರೆಗೆ ಕಾಯಬಹುದು ಎಂದು ಮೊದಲು ವಿಂಗಡಿಸುವವರು ಅವರೇ. "ಯಾಕೆ ಬಂದಿದ್ದೀರಿ?" ಎಂದು ಅವರು ಕೇಳಿದರೆ ಕುತೂಹಲಕ್ಕೆ ಕೇಳುತ್ತಿದ್ದಾರೆ ಎಂದು ತಪ್ಪು ತಿಳಿಯಬೇಡಿ. ಎಲ್ಲರ ಎದುರು ಹೇಳಲು ಸಂಕೋಚವಾದರೆ "ಸ್ವಂತ ವಿಷಯ, ಆದರೆ ತುರ್ತು" ಎಂದರೆ ಸಾಕು.

ತಂಡದಿಂದ ಎಷ್ಟು ವ್ಯತ್ಯಾಸವಾಗಬಹುದು ಎಂಬುದಕ್ಕೆ ನನಗೆ ಇಷ್ಟವಾದ ಉದಾಹರಣೆ ಲಾಸ್ ಏಂಜಲೀಸ್‌ನದು. ಅಲ್ಲಿ ಬಿಪಿ ಜಾಸ್ತಿ ಇದ್ದ 319 ಕಪ್ಪು ಜನಾಂಗದ ಗಂಡಸರನ್ನು ಅವರು ಕಾಯಂ ಹೋಗುವ ಕ್ಷೌರದಂಗಡಿಗಳಲ್ಲೇ ಗುರುತಿಸಿದರು. ಅರ್ಧದಷ್ಟು ಅಂಗಡಿಗಳಿಗೆ ತರಬೇತಿ ಪಡೆದ ಫಾರ್ಮಸಿಸ್ಟ್‌ಗಳು ಬಂದು, ಗಿರಾಕಿಗಳ ಡಾಕ್ಟರ ಒಪ್ಪಿಗೆಯೊಂದಿಗೆ ಮಾತ್ರೆ ಕೊಟ್ಟರು, ಪ್ರಮಾಣ ಸರಿಪಡಿಸಿದರು. ಇನ್ನುಳಿದ ಕಡೆ ಕ್ಷೌರಿಕರು "ಡಾಕ್ಟರಿಗೆ ತೋರಿಸಿ" ಎಂದು ಹೇಳಿದರು. ಆರು ತಿಂಗಳ ನಂತರ ಮೇಲಿನ ಬಿಪಿ ಫಾರ್ಮಸಿಸ್ಟ್ ಬಂದ ಕಡೆ 27 ಅಂಕ ಇಳಿದಿತ್ತು, ಬರೀ ಸಲಹೆ ಸಿಕ್ಕ ಕಡೆ 9.3. ಫಲಿತಾಂಶ ಪ್ರಕಟವಾದದ್ದು 2018ರಲ್ಲಿ. ಮಾತ್ರೆ ಹೊಸದೇನಲ್ಲ. ನಂಬಿಕೆಯ ಜಾಗಕ್ಕೆ, ಸರಿಯಾದ ಹೊತ್ತಿಗೆ, ಸರಿಯಾದ ಮನುಷ್ಯ ಬಂದದ್ದು ಹೊಸದು.

ಬ್ರೆಜಿಲ್ ಇದನ್ನು ಇಡೀ ದೇಶದ ಮಟ್ಟದಲ್ಲಿ ಮಾಡಿತು. 1994ರಲ್ಲಿ ಶುರುವಾದ ಅಲ್ಲಿನ ಕುಟುಂಬ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ತಂಡಕ್ಕೂ ಒಂದು ಗೊತ್ತಾದ ಪ್ರದೇಶ ಇರುತ್ತದೆ. ಡಾಕ್ಟರ್, ನರ್ಸ್, ಸಹಾಯಕ ನರ್ಸ್ ಜೊತೆಗೆ ಅದೇ ಪ್ರದೇಶದಲ್ಲಿ ವಾಸ ಮಾಡುವ ಆರೋಗ್ಯ ಕಾರ್ಯಕರ್ತರು. ಅವರು ಕಾಯಿಲೆ ಇದ್ದರೂ ಇಲ್ಲದಿದ್ದರೂ ಮನೆಗಳಿಗೆ ಹೋಗಿ ವಿಚಾರಿಸುತ್ತಾರೆ. ಇದಕ್ಕೂ ಮೊದಲೇ, 1978ರಲ್ಲಿ, ಆಗಿನ ಸೋವಿಯತ್ ಒಕ್ಕೂಟದ ಅಲ್ಮಾ ಅಟಾದಲ್ಲಿ ಸೇರಿದ್ದ ದೇಶಗಳು ಪ್ರಾಥಮಿಕ ಆರೋಗ್ಯ ಸೇವೆಯ ಬಗ್ಗೆ ಘೋಷಣೆ ಹೊರಡಿಸಿದ್ದವು. ವೈದ್ಯರು, ನರ್ಸ್‌ಗಳು, ಸೂಲಗಿತ್ತಿಯರು, ಸಮುದಾಯದ ಕಾರ್ಯಕರ್ತರು ತಂಡವಾಗಿ ಕೆಲಸ ಮಾಡಬೇಕು ಎಂಬ ಮಾತು ಅದರಲ್ಲೇ ಇದೆ.

ಎರಡನೇ ಹೆಜ್ಜೆ: ನಿಮ್ಮ ಮನೆಗೆ ಏನು ಬೇಕು ಎಂದು ಬರೆದುಕೊಳ್ಳಿ

ಒಂದು ಕಾಗದ ಸಾಕು. ಮನೆಯಲ್ಲಿ ಯಾರಿಗೆ ಎಷ್ಟು ವಯಸ್ಸು, ಯಾರಿಗೆ ಯಾವ ಕಾಯಿಲೆ, ಯಾರು ದಿನಾ ಮಾತ್ರೆ ತೆಗೆದುಕೊಳ್ಳುತ್ತಾರೆ. ಮೆಟ್ಟಿಲು ಹತ್ತಲಾಗದವರು ಇದ್ದಾರೆಯೇ? ಮಹಿಳಾ ವೈದ್ಯರೇ ಬೇಕೆನ್ನುವವರು ಇದ್ದಾರೆಯೇ? ಯಾವ ಭಾಷೆಯಲ್ಲಿ ಮಾತಾಡಿದರೆ ಹಿರಿಯರಿಗೆ ಸಲೀಸು? ಭಾಷೆಯ ವಿಷಯವನ್ನು ಚಿಕ್ಕದು ಅಂದುಕೊಳ್ಳಬೇಡಿ. ತಮ್ಮ ನೋವನ್ನು ತಮ್ಮ ಮಾತಿನಲ್ಲೇ ಹೇಳಿಕೊಳ್ಳಲಾಗದವರಿಗೆ ಅರ್ಧ ಚಿಕಿತ್ಸೆ ಮಾತ್ರ ಸಿಗುತ್ತದೆ.

ದೂರದ ಲೆಕ್ಕವನ್ನೂ ಹಾಕಿ. ಜ್ವರ ಬಂದ ಮಗುವನ್ನು ಎತ್ತಿಕೊಂಡು, ಅಥವಾ ಸೊಂಟ ಹಿಡಿದಿರುವ ದಿನ, ಅಲ್ಲಿಗೆ ಹೋಗಲು ಆಗುತ್ತದೆಯೇ? ದೂರದಲ್ಲಿರುವ ಹೆಸರುವಾಸಿ ಡಾಕ್ಟರಿಗಿಂತ ಹತ್ತಿರದಲ್ಲಿರುವ ಶ್ರದ್ಧೆಯ ಡಾಕ್ಟರು ಮೇಲು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ದೂರವಿದ್ದರೆ ಸಣ್ಣ ತೊಂದರೆಗೆ ಹೋಗುವುದಿಲ್ಲ. ಸಣ್ಣ ತೊಂದರೆಗೆ ಹೋಗದಿದ್ದರೆ ಅವರಿಗೆ ನಿಮ್ಮ ಪರಿಚಯವೇ ಆಗುವುದಿಲ್ಲ.

ಮೂರನೇ ಹೆಜ್ಜೆ: ಹೆಸರುಗಳನ್ನು ಕಲೆಹಾಕಿ, ಫೋನ್ ಮಾಡಿ

ಕೆಲವು ದೇಶಗಳಲ್ಲಿ ಸರ್ಕಾರವೇ ಪಟ್ಟಿ ಇಡುತ್ತದೆ. ಹೆಸರು ಬರೆಸಿ ಸರದಿಗೆ ಕಾಯಬೇಕು. ಕೆಲವು ಕಡೆ ನಿಮ್ಮ ವಿಮೆಯವರು ಪಟ್ಟಿ ಕೊಡುತ್ತಾರೆ. ಇನ್ನು ಕೆಲವು ಕಡೆ ಯಾವ ಕ್ಲಿನಿಕ್ಕಿಗೆ ಬೇಕಾದರೂ ನೇರ ಹೋಗಬಹುದು. ನಿಮ್ಮಲ್ಲಿ ಯಾವ ಪದ್ಧತಿ ಎಂದು ಮೊದಲು ವಿಚಾರಿಸಿ. ಸರ್ಕಾರಿ ಪಟ್ಟಿ ಇದ್ದರೆ ಹೆಸರು ಇವತ್ತೇ ಬರೆಸಿ. ಬರೆಸಿದ ಮಾತ್ರಕ್ಕೆ ಬೇರೆ ಕಡೆ ಹುಡುಕಬಾರದು ಎಂದೇನಿಲ್ಲ.

ಅಕ್ಕಪಕ್ಕದವರನ್ನು ಕೇಳುವಾಗ "ಒಳ್ಳೆಯ ಡಾಕ್ಟರ್ ಯಾರು?" ಎಂದು ಕೇಳಬೇಡಿ. ಎಲ್ಲರೂ ತಮಗೆ ಗೊತ್ತಿರುವ ಒಂದು ಹೆಸರು ಹೇಳುತ್ತಾರೆ, ಅಷ್ಟೇ. "ನೀವು ಎಷ್ಟು ವರ್ಷದಿಂದ ಅವರ ಹತ್ತಿರ ಹೋಗುತ್ತಿದ್ದೀರಿ? ಪ್ರಶ್ನೆ ಕೇಳಿದರೆ ಬೇಸರ ಮಾಡಿಕೊಳ್ಳುತ್ತಾರಾ? ನಿಮ್ಮ ಹಳೆಯ ಕಾಯಿಲೆ ಅವರಿಗೆ ನೆನಪಿರುತ್ತದಾ?" ಎಂದು ಕೇಳಿ. ಹತ್ತಿರದ ಔಷಧ ಅಂಗಡಿಯ ಫಾರ್ಮಸಿಸ್ಟ್‌ರನ್ನೂ ಕೇಳಿ. ಎಲ್ಲ ಡಾಕ್ಟರ ಚೀಟಿಗಳೂ ದಿನಾ ಅವರ ಕೈಗೆ ಬರುತ್ತವೆ. ಇಂಟರ್ನೆಟ್‌ನಲ್ಲಿ ಕೊಟ್ಟಿರುವ ನಕ್ಷತ್ರಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಒಂದು ದಿನದ ಸಿಟ್ಟು, ಒಂದು ದಿನದ ಖುಷಿ ಅಲ್ಲಿ ಅಂಕವಾಗಿ ಕೂತಿರುತ್ತದೆ.

ಒಂದು ಕೆಲಸ ಮಾತ್ರ ಮರೆಯದೆ ಮಾಡಿ. ವೈದ್ಯರ ನೋಂದಣಿಯನ್ನು ವೈದ್ಯಕೀಯ ಮಂಡಳಿಯ ಪಟ್ಟಿಯಲ್ಲಿ ನೋಡಿ. ಹೆಸರಿನ ಮುಂದೆ ಡಾಕ್ಟರ್ ಎಂದು ಹಾಕಿಕೊಂಡ ಎಲ್ಲರೂ ವೈದ್ಯರಲ್ಲ.

ಆಮೇಲೆ ಕ್ಲಿನಿಕ್ಕಿಗೆ ಫೋನ್. ಹೊಸಬರನ್ನು ತೆಗೆದುಕೊಳ್ಳುತ್ತಿದ್ದೀರಾ, ಇಡೀ ಮನೆಯವರನ್ನು ಒಟ್ಟಿಗೆ ನೋಡುತ್ತೀರಾ ಎಂಬಲ್ಲಿಂದ ಶುರು ಮಾಡಿ. ಹಣದ ವಿಷಯವನ್ನು ಸಂಕೋಚವಿಲ್ಲದೆ ಮೊದಲೇ ಕೇಳಿಬಿಡಿ. ನಂತರ ಈ ನಾಲ್ಕು ಪ್ರಶ್ನೆ ಕೇಳಿ:

– ತುರ್ತಾಗಿ ಬೇಕಾದರೆ ಅದೇ ದಿನ ಸಮಯ ಸಿಗುತ್ತದೆಯೇ?
– ಡಾಕ್ಟರು ರಜೆಯಲ್ಲಿದ್ದರೆ ಯಾರು ನೋಡುತ್ತಾರೆ, ಅವರಿಗೆ ನನ್ನ ಫೈಲ್ ಕಾಣುತ್ತದೆಯೇ?
– ಡಾಕ್ಟರ್ ಬಿಟ್ಟು ಇನ್ನು ಯಾರ್ಯಾರು ಕೆಲಸ ಮಾಡುತ್ತಾರೆ?
– ಪರೀಕ್ಷೆಯ ರಿಪೋರ್ಟ್ ಬಂದ ಮೇಲೆ ಯಾರು, ಹೇಗೆ ತಿಳಿಸುತ್ತಾರೆ?

ಎರಡನೆಯದು ತಂಡ ನಿಜವಾದ ತಂಡವೇ ಎಂದು ತೋರಿಸುತ್ತದೆ. ಒಂದೇ ಸೂರಿನಡಿ ಐದು ಜನ ಡಾಕ್ಟರು ಕೂತ ಮಾತ್ರಕ್ಕೆ ಅದು ತಂಡ ಆಗುವುದಿಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಬೇಕು.

ಕೊನೆಯದರ ಬಗ್ಗೆಯೂ ಒಂದು ಮಾತು. "ಏನಾದರೂ ತೊಂದರೆ ಇದ್ದರೆ ನಾವೇ ಫೋನ್ ಮಾಡುತ್ತೇವೆ" ಎಂದರೆ ಅಲ್ಲಿಗೆ ಸುಮ್ನಾಗಬೇಡಿ. ಫೋನ್ ಬರಲಿಲ್ಲ ಎಂದರೆ ಎಲ್ಲ ಸರಿ ಇದೆ ಎಂದೂ ಆಗಬಹುದು, ರಿಪೋರ್ಟ್ ಎಲ್ಲೋ ಕಳೆದುಹೋಗಿದೆ ಎಂದೂ ಆಗಬಹುದು. ಯಾವ ದಿನದೊಳಗೆ ಬರಬೇಕು ಎಂದು ಕೇಳಿಕೊಂಡು, ಬರದಿದ್ದರೆ ನೀವೇ ವಿಚಾರಿಸಿ.

ನಾಲ್ಕನೇ ಹೆಜ್ಜೆ: ಮೊದಲ ಭೇಟಿ

ಕಾಯಿಲೆ ಇಲ್ಲದ ದಿನ ಹೋಗಿ. ಪರಿಚಯ ಮಾಡಿಕೊಳ್ಳಲು, ಬಿಪಿ ನೋಡಿಸಲು, ಬಾಕಿ ಇರುವ ಲಸಿಕೆ ಕೇಳಲು ಬಂದಿದ್ದೇನೆ ಎನ್ನಿ. ಮೈಯೆಲ್ಲ ಸುಡುತ್ತಿರುವ ದಿನ ಡಾಕ್ಟರನ್ನು ಅಳೆದು ನೋಡುವ ಶಕ್ತಿ ನಿಮಗಿರುವುದಿಲ್ಲ.

ಹೋಗುವಾಗ ಒಂದು ಚೀಲದಲ್ಲಿ ಮನೆಯಲ್ಲಿರುವ ಔಷಧಗಳನ್ನೆಲ್ಲ ತುಂಬಿಕೊಳ್ಳಿ. ಎಲ್ಲ ಅಂದರೆ ಎಲ್ಲ. ದಿನಾ ನುಂಗುವ ಮಾತ್ರೆ, ನೋವಾದಾಗ ಅಂಗಡಿಯಲ್ಲಿ ಕೇಳಿ ತಂದದ್ದು, ವಿಟಮಿನ್, ಗಿಡಮೂಲಿಕೆ, ಕಣ್ಣಿನ ಹನಿ, ಮುಲಾಮು. ಹೆಸರು ಬರೆದುಕೊಂಡು ಹೋಗುವುದಕ್ಕಿಂತ ಇದು ಎಷ್ಟೋ ವಾಸಿ. ಒಂದೇ ಔಷಧ ಎರಡು ಕಂಪನಿಗಳ ಹೆಸರಿನಲ್ಲಿ ಚೀಲದೊಳಗೆ ಇರಬಹುದು. ಎರಡನ್ನೂ ನೀವು ತೆಗೆದುಕೊಳ್ಳುತ್ತಿರಬಹುದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ತರಹದ ನೋವಿನ ಮಾತ್ರೆಗಳು ಬಿಪಿ ಏರಿಸಬಲ್ಲವು, ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲವು. "ಅದೇನು ಔಷಧವೇ, ನೋವಿನ ಗುಳಿಗೆ ತಾನೇ" ಎಂದು ಬಿಟ್ಟುಹೋಗುವುದು ಅವೇ.

ಜೊತೆಗೆ ಹಳೆಯ ರಿಪೋರ್ಟ್, ಆಪರೇಷನ್ ಆಗಿದ್ದರೆ ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಕಾಗದ, ಲಸಿಕೆ ಕಾರ್ಡ್. ಯಾವ ಔಷಧಕ್ಕೆ ಅಲರ್ಜಿ, ಆಗ ಏನಾಗಿತ್ತು ಎಂಬುದನ್ನು ತಪ್ಪದೆ ಹೇಳಿ. ತಂದೆ ತಾಯಿ, ಒಡಹುಟ್ಟಿದವರಿಗೆ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ, ಲಕ್ವ, ಕ್ಯಾನ್ಸರ್, ಸಕ್ಕರೆ ಕಾಯಿಲೆ ಬಂದಿದ್ದರೆ ಅದನ್ನೂ ಹೇಳಿ. ಸಿಗರೇಟು, ಮದ್ಯದ ಬಗ್ಗೆ ಕೇಳಿದರೆ ಕಡಿಮೆ ಮಾಡಿ ಹೇಳಬೇಡಿ. ಔಷಧದ ಆಯ್ಕೆಯೇ ಅದರ ಮೇಲೆ ನಿಂತಿರುತ್ತದೆ.

ಈಗ ನೀವು ಗಮನಿಸಬೇಕಾದದ್ದು. ಗೋಡೆಗೆ ಹಾಕಿರುವ ಸರ್ಟಿಫಿಕೇಟ್‌ಗಿಂತ ಬಿಪಿ ನೋಡುವ ರೀತಿ ಹೆಚ್ಚು ಹೇಳುತ್ತದೆ. ಸರಿಯಾದ ಕ್ರಮ ಹೀಗೆ: ಐದು ನಿಮಿಷ ಸುಮ್ಮನೆ ಕೂರಿಸಬೇಕು. ಬೆನ್ನಿಗೆ ಆಸರೆ ಇರಬೇಕು, ಪಾದ ನೆಲದ ಮೇಲಿರಬೇಕು, ಕಾಲ ಮೇಲೆ ಕಾಲು ಹಾಕಿರಬಾರದು. ತೋಳು ಹೃದಯದ ಮಟ್ಟದಲ್ಲಿ ಮೇಜಿನ ಮೇಲಿರಬೇಕು. ಪಟ್ಟಿಯನ್ನು ಬರಿಯ ತೋಳಿಗೆ ಕಟ್ಟಬೇಕು, ಅದು ನಿಮ್ಮ ತೋಳಿನ ಅಳತೆಗೆ ಹೊಂದಬೇಕು. ಅಳೆಯುವಾಗ ಮಾತಾಡಬಾರದು. ಓಡೋಡಿ ಬಂದವರನ್ನು ನಿಲ್ಲಿಸಿಕೊಂಡೇ, ಅಂಗಿಯ ತೋಳಿನ ಮೇಲೇ ಅಳೆದು, ಒಂದೇ ಸಲದ ಅಂಕಿಗೆ ಜೀವನಪೂರ್ತಿ ಮಾತ್ರೆ ಬರೆದರೆ ನನಗೆ ಅನುಮಾನ ಬರುತ್ತದೆ. ಬಿಪಿ ತುಂಬಾ ಏರಿಲ್ಲದಿದ್ದರೆ ಬೇರೆ ಬೇರೆ ದಿನ ಅಳೆದ ಮೇಲೆಯೇ, ಸಾಧ್ಯವಾದರೆ ಮನೆಯಲ್ಲೂ ಅಳೆಸಿದ ಮೇಲೆಯೇ ತೀರ್ಮಾನಕ್ಕೆ ಬರುವುದು ಸರಿ.

ಇನ್ನೊಂದು ಗುರುತು ನೆಗಡಿಯದು. ನೆಗಡಿ ಬರುವುದು ವೈರಸ್‌ನಿಂದ, ಆಂಟಿಬಯೋಟಿಕ್ ಅದಕ್ಕೆ ಏನೂ ಮಾಡುವುದಿಲ್ಲ. ನೆಗಡಿಯ ಜೊತೆ ಬಂದ ಕೆಮ್ಮು ಎರಡು ಮೂರು ವಾರ ಉಳಿಯುವುದು ಮಾಮೂಲು. ಇದನ್ನು ಬಿಡಿಸಿ ಹೇಳಿ, "ಉಸಿರು ಕಟ್ಟಿದರೆ, ಜ್ವರ ಬಿಟ್ಟು ಮತ್ತೆ ಬಂದರೆ ಬನ್ನಿ" ಎಂದು ಕಳಿಸುವ ಡಾಕ್ಟರು ಸಿಕ್ಕರೆ ಗಟ್ಟಿಯಾಗಿ ಹಿಡಿದುಕೊಳ್ಳಿ. ಮಾತ್ರೆ ಬರೆಯಲು ಅರ್ಧ ನಿಮಿಷ ಸಾಕು. ಮಾತ್ರೆ ಬೇಡ ಯಾಕೆ ಎಂದು ಹೇಳಲು ಐದು ನಿಮಿಷ ಬೇಕು. ಬರಿಗೈಲಿ ಕಳಿಸಿದರು ಎಂದು ಬೇಸರಪಡಬೇಡಿ.

ಐದನೇ ಹೆಜ್ಜೆ: ಸಿಕ್ಕ ನಿಮಿಷಗಳನ್ನು ಬಳಸುವುದು

67 ದೇಶಗಳ ಮಾಹಿತಿ ಒಟ್ಟುಗೂಡಿಸಿದ ಒಂದು ಅಧ್ಯಯನ 2017ರಲ್ಲಿ ಬಂತು. ಪ್ರಾಥಮಿಕ ಚಿಕಿತ್ಸೆಯಲ್ಲಿ ಡಾಕ್ಟರು ಒಬ್ಬ ರೋಗಿಗೆ ಕೊಡುವ ಸರಾಸರಿ ಸಮಯ ಸ್ವೀಡನ್‌ನಲ್ಲಿ 22.5 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡ್. ಪ್ರಪಂಚದ ಅರ್ಧದಷ್ಟು ಜನರಿರುವ ದೇಶಗಳಲ್ಲಿ ಐದು ನಿಮಿಷವೂ ದಾಟುವುದಿಲ್ಲ. ಇದನ್ನು ಬದಲಾಯಿಸಬೇಕಾದವರು ಸರ್ಕಾರಗಳು. ಅಲ್ಲಿಯವರೆಗೆ ನಮ್ಮ ಕೈಲಿರುವುದನ್ನು ನಾವು ಮಾಡಬೇಕು.

ಮುಖ್ಯವಾದದ್ದನ್ನು ಮೊದಲು ಹೇಳಿ. ಕೆಮ್ಮು, ಮಂಡಿನೋವು ಎಲ್ಲ ಹೇಳಿ ಮುಗಿಸಿ, ಬಾಗಿಲ ಹತ್ತಿರ ಹೋದ ಮೇಲೆ ತಿರುಗಿ "ಅಂದಹಾಗೆ ಡಾಕ್ಟ್ರೇ, ಎದೆಯಲ್ಲೊಂದು ಗಂಟಿದೆ" ಎನ್ನುವವರು ತುಂಬಾ ಜನ. ಹೆದರಿಕೆಗೆ ಹಾಗಾಗುತ್ತದೆ. ಹೇಳಲು ಕಷ್ಟವಾದದ್ದನ್ನು ಒಂದು ಚೀಟಿಯಲ್ಲಿ ಬರೆದು ಕೈಗೆ ಕೊಟ್ಟರೂ ನಡೆಯುತ್ತದೆ. ತೊಂದರೆ ಮೂರಿದ್ದರೆ ಕೂತ ತಕ್ಷಣ "ಮೂರು ವಿಷಯ ಇದೆ" ಎನ್ನಿ. ಯಾವುದನ್ನು ಇವತ್ತು ನೋಡಬೇಕು, ಯಾವುದನ್ನು ನರ್ಸ್ ಹತ್ತಿರ ಕಳಿಸಬೇಕು ಎಂದು ಅವರೇ ಹೇಳುತ್ತಾರೆ.

ನೋವನ್ನು ಹೇಳುವಾಗ ಯಾವಾಗ ಶುರುವಾಯಿತು, ಎಲ್ಲಿ, ಏನು ಮಾಡಿದರೆ ಜಾಸ್ತಿ, ಏನು ಮಾಡಿದರೆ ಕಡಿಮೆ, ಅದರಿಂದ ಯಾವ ಕೆಲಸ ನಿಂತಿದೆ ಎಂದು ಹೇಳಿ. ನಿಮ್ಮ ಮನಸ್ಸಿನಲ್ಲಿ ಇಂಥದ್ದೇ ಇರಬಹುದು ಎಂಬ ಭಯವಿದ್ದರೆ ಅದನ್ನೂ ಹೇಳಿಬಿಡಿ. "ಕ್ಯಾನ್ಸರ್ ಇರಬಹುದಾ ಅಂತ ಭಯ" ಎಂದು ನೀವು ಹೇಳದಿದ್ದರೆ, ಅದು ಅಲ್ಲ ಎಂದು ಹೇಳುವ ಅವಕಾಶವೇ ಅವರಿಗೆ ಸಿಗುವುದಿಲ್ಲ.

ಎದ್ದು ಬರುವ ಮೊದಲು ಅವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಒಮ್ಮೆ ತಿರುಗಿ ಹೇಳಿ. "ಈ ಮಾತ್ರೆ ಬೆಳಿಗ್ಗೆ ಒಂದು, ಒಂದು ತಿಂಗಳು, ಆಮೇಲೆ ರಕ್ತ ಪರೀಕ್ಷೆ, ಸರೀನಾ?" ತಪ್ಪು ತಿಳಿದಿದ್ದರೆ ಅಲ್ಲೇ ಸರಿಹೋಗುತ್ತದೆ. ವಯಸ್ಸಾದವರನ್ನು ಕರೆದುಕೊಂಡು ಹೋದವರು ಎಲ್ಲ ಉತ್ತರವನ್ನೂ ತಾವೇ ಕೊಡಬೇಡಿ. ಮೊದಲು ಅವರು ಹೇಳಲಿ. ಹರೆಯದ ಮಕ್ಕಳಿಗೆ ಡಾಕ್ಟರ ಜೊತೆ ಸ್ವಲ್ಪ ಹೊತ್ತು ಒಬ್ಬರೇ ಮಾತಾಡಲು ಬಿಡಿ.

ಆರನೇ ಹೆಜ್ಜೆ: ತಜ್ಞರ ಬಳಿಗೆ ಇವರ ಮೂಲಕ ಹೋಗಿ, ಇವರ ಬಳಿಗೇ ಮರಳಿ

ತಲೆಸುತ್ತು ಬಂದರೆ ಕಿವಿ ತಜ್ಞರೋ, ನರ ತಜ್ಞರೋ, ಹೃದಯ ತಜ್ಞರೋ ಎಂದು ನೀವೇ ಊಹಿಸಿ ಹೋಗುವುದು ಕಷ್ಟ. ತಪ್ಪು ಬಾಗಿಲು ತಟ್ಟಿದರೆ ಆ ವಿಭಾಗದ ಪರೀಕ್ಷೆಗಳೆಲ್ಲ ಆಗಿ, ನಿಮ್ಮ ಕಾಯಿಲೆ ಹಾಗೇ ಉಳಿಯುತ್ತದೆ. ಸೊಂಟ ನೋವನ್ನೇ ತೆಗೆದುಕೊಳ್ಳಿ. ಹೊಸದಾಗಿ ಬಂದ ಹೆಚ್ಚಿನ ಸೊಂಟ ನೋವು ಕೆಲವು ವಾರಗಳಲ್ಲಿ ತಾನೇ ಹಿಡಿತಕ್ಕೆ ಬರುತ್ತದೆ, ಸ್ಕ್ಯಾನ್ ಬೇಕಿರುವುದಿಲ್ಲ. ಆದರೆ ಕಾಲಿನ ಬಲ ಕುಂದಿದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಕಾರಣವಿಲ್ಲದೆ ತೂಕ ಇಳಿದರೆ, ಜ್ವರವೂ ಜೊತೆಗಿದ್ದರೆ ಕಾಯಬಾರದು. ಇದನ್ನು ಬೇರ್ಪಡಿಸುವುದು ಕುಟುಂಬ ವೈದ್ಯರಿಗೆ ಚೆನ್ನಾಗಿ ಗೊತ್ತು.

ಕಳಿಸುವಾಗ ಪತ್ರ ಕೇಳಿ ಪಡೆಯಿರಿ. ಏನು ತೊಂದರೆ, ಏನೇನು ಪರೀಕ್ಷೆ ಆಗಿದೆ, ಯಾವ ಪ್ರಶ್ನೆಗೆ ಉತ್ತರ ಬೇಕು, ಈಗ ಯಾವ ಔಷಧ ನಡೆಯುತ್ತಿದೆ ಎಂಬುದೆಲ್ಲ ಅದರಲ್ಲಿರಬೇಕು. ತಜ್ಞರು ಬರೆದ ಉತ್ತರವನ್ನು ಇವರಿಗೆ ತಂದು ತೋರಿಸಿ. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರದೊಳಗೆ ಹಳೆಯ ಮಾತ್ರೆ, ಹೊಸ ಮಾತ್ರೆ ಎರಡನ್ನೂ ಹಿಡಿದು ಹೋಗಿ. ಯಾವುದು ನಿಂತಿತು, ಯಾವುದು ಶುರುವಾಯಿತು ಎಂಬ ಗೊಂದಲ ಹೆಚ್ಚಾಗುವುದು ಆ ದಿನಗಳಲ್ಲೇ.

ಇಂಥ ಹೊತ್ತಿನಲ್ಲಿ ಕ್ಲಿನಿಕ್‌ಗೆ ಕಾಯಬೇಡಿ

ಎದೆ ಹಿಂಡಿದಂತಹ ನೋವು, ಜೋರಾದ ಉಸಿರಾಟದ ತೊಂದರೆ, ನಿಲ್ಲದ ರಕ್ತಸ್ರಾವ, ಎಚ್ಚರ ತಪ್ಪುವುದು, ಮೊದಲ ಸಲ ಫಿಟ್ಸ್ ಬರುವುದು. ಇವಕ್ಕೆ ನೇರ ಆಂಬುಲೆನ್ಸ್ ಕರೆಯಿರಿ. ಇದ್ದಕ್ಕಿದ್ದಂತೆ ಬಾಯಿ ಒಂದು ಕಡೆ ವಾಲಿದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಅದು ಲಕ್ವ ಇರಬಹುದು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಒಳ್ಳೆಯದು. ಹಾಗಾಗಿ ಲಕ್ಷಣ ಎಷ್ಟು ಹೊತ್ತಿಗೆ ಕಾಣಿಸಿತು ಎಂದು ಗಡಿಯಾರ ನೋಡಿಟ್ಟುಕೊಳ್ಳಿ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಜಾಸ್ತಿ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಸಾಯಬೇಕು ಎನ್ನುವ ಯೋಚನೆ ಯಾರನ್ನಾದರೂ ಕಾಡುತ್ತಿದ್ದರೆ ಅದೂ ತುರ್ತು. ಅವರನ್ನು ಒಬ್ಬರೇ ಬಿಡಬೇಡಿ.

ಕಾಯಿಲೆ ಇಲ್ಲದಾಗಲೂ ಹೋಗುವುದು

ವೇಲ್ಸ್‌ನ ಒಂದು ಕಲ್ಲಿದ್ದಲು ಗಣಿಯ ಹಳ್ಳಿಯಲ್ಲಿ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ಕುಟುಂಬ ವೈದ್ಯರಿದ್ದರು. ತಮ್ಮ ಬಳಿ ಹೆಸರು ಬರೆಸಿದ್ದ ವಯಸ್ಕರೆಲ್ಲರ ಬಿಪಿಯನ್ನೂ ಅಳೆದರು. ತಲೆನೋವು ಎಂದು ಬಂದವರದ್ದಷ್ಟೇ ಅಲ್ಲ, ಏನೂ ತೊಂದರೆ ಇಲ್ಲ ಎನ್ನುವವರದ್ದೂ. 1960ರ ದಶಕದಲ್ಲಿ ಹಾಗೆ ಮಾಡುವವರೇ ಇರಲಿಲ್ಲ. ಬಿಪಿ, ಸಿಗರೇಟು, ಸಕ್ಕರೆ ಕಾಯಿಲೆಯ ಮೇಲೆ ಅವರೂ ಅವರ ತಂಡದವರೂ 25 ವರ್ಷ ಬಿಡದೆ ಕೆಲಸ ಮಾಡಿದರು. ಕೊನೆಗೆ ನೋಡಿದಾಗ 65 ವರ್ಷದೊಳಗೆ ಸಾಯುವವರು ಪಕ್ಕದ ಹಳ್ಳಿಗಿಂತ ಅಲ್ಲಿ ಕಡಿಮೆ ಇದ್ದರು. ಆರೈಕೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಕಡಿಮೆ ಸಿಗುತ್ತದೆ ಎಂದು 1971ರಲ್ಲಿ ಬರೆದವರೂ ಇವರೇ.

ಹಾಗಾಗಿ ನಿಮ್ಮ ವಯಸ್ಸಿಗೆ ಯಾವ ತಪಾಸಣೆ ಬೇಕು, ಯಾವ ಲಸಿಕೆ ಬಾಕಿ ಇದೆ ಎಂದು ಕೇಳಲೆಂದೇ ಒಮ್ಮೆ ಹೋಗಿ. ದೊಡ್ಡ ಪ್ಯಾಕೇಜ್‌ನ ಪರೀಕ್ಷೆಗಳೆಲ್ಲ ಎಲ್ಲರಿಗೂ ಬೇಕಿರುವುದಿಲ್ಲ. ನಿಮಗೆ ಬೇಕಾದ ನಾಲ್ಕನ್ನು ಆರಿಸಿ ಹೇಳಲು ನಿಮ್ಮನ್ನು ಬಲ್ಲವರೇ ಆಗಬೇಕು.

ಡಾಕ್ಟರ್ ಸಿಗದಿದ್ದರೆ, ಅಥವಾ ಬಿಡಬೇಕಾಗಿ ಬಂದರೆ

ಸರದಿ ಉದ್ದವಿದ್ದು ಯಾರೂ ಸಿಗುತ್ತಿಲ್ಲವೇ? ಆಗಲೂ ಕ್ಲಿನಿಕ್ ಬದಲಾಯಿಸುತ್ತಾ ಹೋಗಬೇಡಿ. ಒಂದೇ ಕ್ಲಿನಿಕ್, ಒಂದೇ ಔಷಧ ಅಂಗಡಿ ಎಂದು ನಿಯಮ ಮಾಡಿಕೊಳ್ಳಿ. ಡಾಕ್ಟರು ಬದಲಾದರೂ ಫೈಲ್ ಒಂದೇ ಕಡೆ ಬೆಳೆಯುತ್ತದೆ. ರಿಪೋರ್ಟ್‌ಗಳ ಫೋಟೋ ತೆಗೆದು ತಾರೀಖು ಹಾಕಿ ಇಟ್ಟುಕೊಳ್ಳಿ.

ಒಂದು ಸಲ ಕಾಯಿಸಿದರು, ಒಂದು ದಿನ ಸಿಡುಕಿದರು ಎಂದು ಡಾಕ್ಟರನ್ನು ಬಿಡಬೇಡಿ. ಅದನ್ನು ಅವರಿಗೇ ಹೇಳಿ ನೋಡಿ. ಆದರೆ ಮಾತು ಕೇಳಿಸಿಕೊಳ್ಳದವರು, ನಿಮ್ಮ ಗುಟ್ಟನ್ನು ಬೇರೆಯವರ ಎದುರು ಆಡುವವರು, ಒಪ್ಪಿಗೆ ಕೇಳದೆ ಮೈ ಮುಟ್ಟುವವರು, ಇನ್ನೊಬ್ಬರ ಅಭಿಪ್ರಾಯ ಕೇಳುತ್ತೇನೆ ಎಂದರೆ ಸಿಟ್ಟಾಗುವವರು ಇವರಾಗಿದ್ದರೆ ಎರಡನೇ ಯೋಚನೆ ಬೇಡ.

ಬಿಡುವಾಗ ಜಗಳ ಬೇಕಿಲ್ಲ. ದಾಖಲೆಗಳ ಪ್ರತಿ ಬೇಕೆಂದು ಬರೆದು ಕೊಡಿ. ಹೊಸ ಕಡೆ ಒಪ್ಪಿಕೊಳ್ಳುವವರೆಗೆ ಹಳೆಯ ಕಡೆಯಿಂದ ಹೆಸರು ತೆಗೆಸಬೇಡಿ. ದಿನಾ ತೆಗೆದುಕೊಳ್ಳುವ ಮಾತ್ರೆಗಳು ಮಧ್ಯದಲ್ಲಿ ನಿಲ್ಲದಂತೆ ಕನಿಷ್ಠ ಒಂದು ತಿಂಗಳಿಗಾಗುವಷ್ಟು ಚೀಟಿ ಬರೆಸಿಕೊಂಡು ಬನ್ನಿ.